ಗರಿಹುಳವೂ ದೊಡ್ಡವ್ವನ ಹೊಲವೂ

ನಮ್ಮೂರು ಮಸ್ಕಿಗೂ ಸಿಂಧನೂರಿಗೂ ನಡುವೆ, ದೊಡ್ಡ ದಾರಿಯಿಂದ ಸ್ವಲ್ಪ ಒಳಗಿತ್ತು. 1952ರಲ್ಲಿ ನನಗೆ ಹದಿನಾರು ನಡೆಯುತ್ತಿತ್ತು. ಅಪ್ಪ ತೀರಿಕೊಂಡು ಮೂರು ವರ್ಷವಾಗಿತ್ತು. ಊರ ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣ ಹೆಂಡತಿಯ ಜೊತೆ ಲಿಂಗಸುಗೂರಿನಲ್ಲಿದ್ದ. ಅಲ್ಲಿ ಒಬ್ಬ ವಕೀಲರ ಬಳಿ ಕಾಗದಪತ್ರ ಬರೆಯುವ ಕೆಲಸ ಅವನದು. ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಮಸ್ಕಿಗೆ ಬಂದು, ಅಲ್ಲಿಂದ ಸಿಕ್ಕ ಬಂಡಿ ಹತ್ತಿ ಊರಿಗೆ ಬರುತ್ತಿದ್ದ. ಬರುವಾಗ ನನಗೇನಾದರೂ ತರದೆ ಇರುತ್ತಿರಲಿಲ್ಲ. ಅಪ್ಪ ಹೋದ ಮೇಲೆ ನನಗೆ ಅಪ್ಪನೂ ಅವನೇ ಎಂದು ಅವ್ವ ಹೇಳುತ್ತಿದ್ದಳು, ನಾನೂ ಹಾಗೆಯೇ ನಂಬಿದ್ದೆ.

ನಮ್ಮ ಹೊಲದ ಮೂಡಣ ಮಗ್ಗುಲಿಗೆ ಹೊಂದಿಕೊಂಡು ಒಂದು ಪಟ್ಟಿ ಹೊಲವಿತ್ತು. ಅದು ದೊಡ್ಡವ್ವನದು. ಅಪ್ಪನ ಅಣ್ಣನ ಹೆಂಡತಿ ಅವಳು. ದೊಡ್ಡಪ್ಪ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ. ದೊಡ್ಡಪ್ಪನ ಪಾಲೆಲ್ಲ ಅಪ್ಪನ ಕೈಗೆ ಬಂದಾಗ, ಆ ಪಟ್ಟಿ ಹೊಲವನ್ನು ದೊಡ್ಡವ್ವನ ಅನ್ನಕ್ಕೆಂದು, ಅವಳು ಇರುವ ತನಕ, ಬಿಟ್ಟುಕೊಟ್ಟಿದ್ದರು. ಊರ ಹಿರಿಯರ ಮುಂದೆ, ಆಗ ಸರಕಾರದ ಭಾಷೆಯಾಗಿದ್ದ ಉರ್ದುವಿನಲ್ಲಿ ಒಂದು ಕರಾರು ಬರೆದು ಇಟ್ಟಿದ್ದರಂತೆ. ಅದರಲ್ಲಿ ಏನಿದೆ ಎಂದು ನಾನು ಕೇಳಿದವಳಲ್ಲ, ದೊಡ್ಡವ್ವನಿಗೂ ಓದಲು ಬರುತ್ತಿರಲಿಲ್ಲ. ಅವಳು ಆ ಹೊಲದ ಮೂಲೆಯಲ್ಲೇ ಒಂದು ಗುಡಿಸಲು ಹಾಕಿಕೊಂಡಿದ್ದಳು. ಸ್ವಲ್ಪ ಜೋಳ, ಸ್ವಲ್ಪ ಹುರಳಿ ಬಿತ್ತಿ, ಉಳಿದ ಜಾಗದಲ್ಲೆಲ್ಲ ಅವರೆಬಳ್ಳಿ ಹಬ್ಬಿಸುತ್ತಿದ್ದಳು. ಅವಳ ಅವರೆಕಾಯಿ ಮಸ್ಕಿಯ ಸಂತೆಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ಖಾಲಿಯಾಗುತ್ತಿತ್ತು.

ಆ ವರ್ಷ ತೊಗರಿಗೆ ಹುಳ ಬಿತ್ತು. ಹೂವು ಹಳದಿಯಾಗಿ ಚೆನ್ನಾಗಿಯೇ ಬಂದಿತ್ತು. ದೀಪಾವಳಿ ಕಳೆದು ಕಾಯಿ ಕಟ್ಟುವ ಹೊತ್ತಿಗೆ ನೋಡಿದರೆ ಕಾಯಿಗಳಲ್ಲಿ ತೂತು. ಊರಲ್ಲೆಲ್ಲ ಅದೇ ಮಾತು. ದೊಡ್ಡ ಕೀಡಿ, ಅಂದರೆ ಕಾಯಿಕೊರಕ ಹುಳ, ಇತ್ತು ನಿಜ, ಅದನ್ನು ಎಲ್ಲರೂ ಬಲ್ಲರು. ಬಟ್ಟೆ ಹಾಸಿ ಗಿಡ ಅಲುಗಿಸಿದರೆ ಪಟಪಟನೆ ಉದುರುತ್ತಿತ್ತು. ಆದರೆ ಉದುರದ ಇನ್ನೊಂದು ಹುಳ ಇತ್ತು. ಅದನ್ನು ನನಗೆ ತೋರಿಸಿದವಳು ದೊಡ್ಡವ್ವ.

"ಇಲ್ಲಿ ನೋಡವ್ವಾ," ಎಂದು ನಮ್ಮ ಹೊಲದ ಒಂದು ತೊಗರಿಕಾಯಿಯನ್ನು ಬಾಗಿಸಿ ಹಿಡಿದಳು. "ಈ ತೂತು ದೊಡ್ಡ ಕೀಡೀದಲ್ಲ. ಅದರ ತೂತು ದುಂಡಗ, ದೊಡ್ಡದು. ಇದು ಸಣ್ಣದು."

ಕಾಯಿಯ ಮೇಲೆ ಒಂದು ಹುಳ ಇತ್ತು. ಜೋಳದ ಕಾಳು ಮೂರನ್ನು ಸಾಲಾಗಿ ಇಟ್ಟರೆ ಎಷ್ಟುದ್ದವೋ ಅಷ್ಟು. ಹಸಿರು ಮೈ, ಮೈತುಂಬ ಗಿಡ್ಡ ಗಿಡ್ಡ ಕೂದಲು. ತಲೆಯನ್ನು ತೂತಿನ ಒಳಗೆ ತೂರಿಸಿ, ಬಾಲವನ್ನು ಹೊರಗೇ ಬಿಟ್ಟು, ಕಾಳು ತಿನ್ನುತ್ತಿತ್ತು.

"ಪೂರಾ ಒಳಗ ಹೋಗಂಗಿಲ್ಲ ಇದು. ಮಂದಿ ಮನ್ಯಾಗ ತಲಿ ಇಟ್ಟು ಉಂಡು, ಮತ್ತ ಮುಂದಿನ ಮನೀಗೆ ಹೋಕ್ಕೈತಿ," ಎಂದಳು ದೊಡ್ಡವ್ವ.

"ಇದು ಎಲ್ಲಿಂದ ಬರ್ತೈತಿ ದೊಡ್ಡವ್ವಾ?"

"ಸಂಜೀ ಮುಂದ ಸೊಳ್ಳಿಯಂಥಾದ್ದು ಹಾರಾಡ್ತೈತೆಲ್ಲಾ, ಉದ್ದನ್ನ ಕಾಲಿಂದು, ಗರಿಯಂಥಾ ರೆಕ್ಕಿದು, ಅದರ ಮಕ್ಕಳು ಅಂತ ನನ್ನ ಎಣಿಕಿ. ಕಣ್ಣಾರೆ ಕಂಡಿಲ್ಲ."

ಕಣ್ಣಾರೆ ಕಾಣಬೇಕು ಎನ್ನುವ ಹುಚ್ಚು ನನಗೆ ಹತ್ತಿದ್ದು ಆಗ. ಮಠದ ಅಯ್ಯನವರ ಬಳಿ ನಾನು ಕನ್ನಡ ಓದು ಬರಹ ಕಲಿತಿದ್ದೆ. ಕಲಿತದ್ದನ್ನು ಏನಕ್ಕೆ ಬಳಸಬೇಕೆಂದು ಗೊತ್ತಿರಲಿಲ್ಲ. ಆ ಸಲ ಅಣ್ಣ ಊರಿಗೆ ಬಂದಾಗ ಇದನ್ನೆಲ್ಲ ಹೇಳಿದೆ. ಅವನು ನಗಲಿಲ್ಲ. ಮುಂದಿನ ಸಲ ಬರುವಾಗ ಗೆರೆ ಹಾಕಿದ ಒಂದು ನೋಟುಬುಕ್ಕು, ಎರಡು ಸೀಸದ ಕಡ್ಡಿ ತಂದುಕೊಟ್ಟ.

"ದಿನಾ ಏನು ಕಾಣ್ತೀಯೋ ಎಲ್ಲಾ ಬರಿ ತಂಗೀ. ಯಾವ ಗಿಡದಾಗ, ಯಾರ ಹೊಲದಾಗ, ಎಷ್ಟು. ಲಿಂಗಸುಗೂರಾಗ ಒಕ್ಕಲುತನದ ಸಾಹೇಬರು ಅದಾರ. ಅವರಿಗೆ ತೋರಿಸ್ತೀನಿ," ಎಂದ.

ನನ್ನ ಬರಹವನ್ನು ಒಬ್ಬ ಸಾಹೇಬರು ನೋಡುತ್ತಾರೆ ಎಂಬ ಮಾತಿಗೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಒಡೆದ ಕಂದೀಲಿನದೊಂದು ಗಾಜು ಮನೆಯಲ್ಲಿತ್ತು. ಅದರ ಒಳಗೆ ಮೊಗ್ಗಿರುವ ತೊಗರಿಯ ಟೊಂಗೆ ಇಟ್ಟು, ಎರಡು ಬಾಯಿಗೂ ಹಳೆಯ ಧೋತರದ ತೆಳು ಬಟ್ಟೆ ಕಟ್ಟಿದೆ. ದೊಡ್ಡವ್ವನೂ ನಾನೂ ಸಂಜೆ ಹೊಲದಲ್ಲಿ ಕಾದು, ಗರಿಹುಳ ಎಂದು ಅವಳು ಕರೆಯುತ್ತಿದ್ದ ಆ ಚಿಟ್ಟೆಗಳಲ್ಲಿ ನಾಲ್ಕನ್ನು ಹಿಡಿದು ಒಳಗೆ ಬಿಟ್ಟೆವು. ಹಿಡಿಯುವುದು ಸುಲಭವಿರಲಿಲ್ಲ. ಬೆರಳು ತಾಗಿದರೆ ಕಾಲು ಕಳಚಿ ಬೀಳುತ್ತಿತ್ತು. ಎರಡನೆಯ ದಿನ ಬೆಳಿಗ್ಗೆ ಮೊಗ್ಗಿನ ಮೇಲೆ ತತ್ತಿ ಕಂಡಿತು. ಗಸಗಸೆಗಿಂತ ಸಣ್ಣದು, ಹಸಿರು ಬಣ್ಣ. ಗುಂಪಾಗಿ ಇಡುವುದಿಲ್ಲ ಅದು, ಮೊಗ್ಗಿಗೊಂದು, ಎಳೆಯ ಕಾಯಿಗೊಂದು. ನಾಲ್ಕನೆಯ ದಿನಕ್ಕೆ ತತ್ತಿ ಒಡೆದು ನೂಲಿನ ಎಳೆಯಷ್ಟು ಸಣ್ಣ ಹುಳ ಬಂತು. ಮೊದಮೊದಲು ಅದು ಮೊಗ್ಗನ್ನು, ಕಾಯಿಯ ಮೇಲಿನ ಸಿಪ್ಪೆಯನ್ನು ಕೆರೆಯುತ್ತಿತ್ತು. ಬಲಿತ ಮೇಲೆ ತೂತು ಕೊರೆಯಲು ಶುರು ಮಾಡಿತು. ನಾನು ದಿನಾ ಹೊಸ ಕಾಯಿ ಇಡುತ್ತಿದ್ದೆ, ದಿನಾ ಬರೆಯುತ್ತಿದ್ದೆ.

ಹದಿನೆಂಟನೆಯ ದಿನ ಹುಳ ತಿನ್ನುವುದನ್ನು ಬಿಟ್ಟು ಕಾಯಿಯ ಮೇಲೆ ಸುಮ್ಮನೆ ಅಂಟಿಕೊಂಡಿತು. ಮಾರನೆಯ ದಿನ ಮುಟ್ಟಿದರೂ ಅಲುಗಲಿಲ್ಲ. ಸತ್ತಿತು ಎಂದು ನಾನು ಅತ್ತೆ. ದೊಡ್ಡವ್ವ ಗಾಜನ್ನು ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಸತ್ತಿಲ್ಲ. ಸತ್ತ ಹುಳ ಬಾಡ್ತೈತಿ. ಇದು ತೊಗಲು ಬಿಟ್ಟೈತಿ ನೋಡು, ಬಾಲ ಅಷ್ಟ ಕಾಯಿಗೆ ಕಚ್ಚೈತಿ. ಒಳಗ ಏನೋ ನಡದೈತಿ. ತಡಿ."

ಹುಳಕ್ಕೆ ಇದ್ದಂಥ ಕೂದಲೇ ಕೋಶಕ್ಕೂ ಇದ್ದವು. ಅದಕ್ಕೇ ಯಾರೂ ಅದನ್ನು ಬೇರೆ ಎಂದು ಗುರುತಿಸಿರಲಿಲ್ಲ. ಎಂಟು ದಿನ ಕಾದೆವು. ಒಂಬತ್ತನೆಯ ದಿನ ಬೆಳಿಗ್ಗೆ ನಾನು ಗಾಜು ತೆಗೆದುಕೊಂಡು ದೊಡ್ಡವ್ವನ ಗುಡಿಸಲಿಗೆ ಓಡಿದೆ. ಕೋಶದ ಬೆನ್ನು ಬಿರಿದಿತ್ತು. ನಾವು ನೋಡುತ್ತಿದ್ದಂತೆಯೇ ಬೂದುಗಂದು ಬಣ್ಣದ, ಕಡ್ಡಿಯಂಥ ಮೈಯ ಚಿಟ್ಟೆ ಹೊರಗೆ ಬಂತು. ಮುದುಡಿದ ರೆಕ್ಕೆ ಮೆಲ್ಲಗೆ ಉದ್ದವಾಯಿತು. ಮುಂದಿನ ರೆಕ್ಕೆ ತುದಿಯಲ್ಲಿ ಎರಡಾಗಿ ಸೀಳಿತ್ತು, ಹಿಂದಿನದು ಮೂರಾಗಿ. ಪ್ರತಿ ಸೀಳಿಗೂ ಅಂಚಿನಲ್ಲಿ ಗರಿಯಂಥ ನವಿರು. ಆಮೇಲೆ ಅದು ರೆಕ್ಕೆಗಳನ್ನು ಸುರುಳಿ ಮಾಡಿ ಎರಡೂ ಪಕ್ಕಕ್ಕೆ ಚಾಚಿ, ಕಡ್ಡಿಯ ಮೇಲೆ ಕಡ್ಡಿಯನ್ನು ಅಡ್ಡ ಇಟ್ಟಂತೆ ಕೂತಿತು.

ದೊಡ್ಡವ್ವ ಕೈ ಮುಗಿದಳು. "ಅರವತ್ತು ವರ್ಷ ಈ ಹೊಲದಾಗ ಬಗ್ಗಿ ಎದ್ದೀನಿ. ಇವತ್ತು ಕಂಡೆ," ಎಂದಳು.

ಅವತ್ತು ಅವಳು ನನಗೆ ಅವರೆಕಾಳಿನ ಪಲ್ಯ, ಎರಡು ಬಿಸಿ ರೊಟ್ಟಿ ಕೊಟ್ಟಳು. ಇಬ್ಬರೂ ಗುಡಿಸಲ ಮುಂದೆ ಕೂತು ಉಂಡೆವು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ನಾನು ಉಂಡದ್ದು ಬಹುಶಃ ಅದೊಂದೇ ಸಲ.

ಆಮೇಲೆ ಈ ಹುಳ ಏನೇನು ತಿನ್ನುತ್ತದೆ ಎಂದು ನೋಡುವ ಕೆಲಸ ಹಿಡಿದೆ. ಜೋಳದ ತೆನೆ ಇಟ್ಟೆ, ಮುಟ್ಟಲಿಲ್ಲ. ಹತ್ತಿಯ ಎಲೆ ಇಟ್ಟೆ, ಮುಟ್ಟಲಿಲ್ಲ. ಹುರಳಿಕಾಯಿ ಇಟ್ಟೆ, ತಿಂದಿತು. ಅವರೆಕಾಯಿ ಇಟ್ಟೆ, ಅದನ್ನೂ ತಿಂದಿತು. ಹಾಗಾದರೆ ಹೊಲದಲ್ಲೂ ಅವರೆಯ ಮೇಲೆ ಇರಬೇಕಲ್ಲ ಎಂದು ದೊಡ್ಡವ್ವನ ಬಳ್ಳಿಗಳನ್ನು ವಾರಕ್ಕೆರಡು ಸಲ ಹುಡುಕುತ್ತ ಬಂದೆ. ಹುಡುಕಲು ಅವಳೇ ಜೊತೆಗೆ ನಿಲ್ಲುತ್ತಿದ್ದಳು, ಎಲೆ ಮಗುಚಿ ತೋರಿಸುತ್ತಿದ್ದಳು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ತನಕ ಒಂದೂ ಸಿಗಲಿಲ್ಲ. ನಮ್ಮ ತೊಗರಿ ಒಣಗಿ ಕೊಯ್ಲಿಗೆ ಬಂದ ಮೇಲೆ, ಅವರೆಯ ಹೂವಿನಲ್ಲಿ ತತ್ತಿ, ಕಾಯಿಯಲ್ಲಿ ಹುಳ ಕಾಣತೊಡಗಿದವು. ಒಂದು ದಿನ ಹದಿನಾಲ್ಕು ಸಿಕ್ಕವು.

"ಬರಕೋ, ಹದಿನಾಲ್ಕು," ಎಂದು ದೊಡ್ಡವ್ವನೇ ಎಣಿಸಿ ಹೇಳಿದಳು.

ಅದೇ ವಾರ ನಮ್ಮ ಹೊಲವನ್ನೂ ನೋಡಿದೆ. ಬದುವಿನ ಮೇಲೆ ಕೊಯ್ಯದೆ ಬಿಟ್ಟಿದ್ದ ತೊಗರಿ ಗಿಡಗಳು ಮತ್ತೆ ಚಿಗುರಿ ಹೂ ಬಿಟ್ಟಿದ್ದವು. ಅವುಗಳಲ್ಲೂ ಎತ್ತುಗಳಿಗೆಂದು ಹಾಕಿದ್ದ ನಮ್ಮ ಹುರಳಿಯಲ್ಲೂ ಅವರೆಗಿಂತ ಹೆಚ್ಚು ಹುಳ ಇದ್ದವು. ಅದನ್ನೂ ಬರೆದೆ.

ಶಿವರಾತ್ರಿಗೆ ಮೊದಲು ಬಂದ ಅಣ್ಣ ನೋಟುಬುಕ್ಕನ್ನು ಲಿಂಗಸುಗೂರಿಗೆ ತೆಗೆದುಕೊಂಡು ಹೋದ. ಅವನು ಓದಿದ್ದು ಉರ್ದುವಿನಲ್ಲಿ. ಕನ್ನಡ ಅವನಿಗೆ ಅಕ್ಷರ ಕೂಡಿಸಿ ಕೂಡಿಸಿ ಬರುತ್ತಿತ್ತು ಅಷ್ಟೆ. ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಮತ್ತೆ ಬಂದ. ನೋಟುಬುಕ್ಕನ್ನು ನನ್ನ ಕೈಗೆ ಕೊಟ್ಟು, "ಸಾಹೇಬರು ಭಾಳ ಮೆಚ್ಚಿದ್ರು. ನಾಳೆ ಹಿರಿಯರು ನಮ್ಮ ಕಟ್ಟೀಗೆ ಬರ್ತಾರ. ಅವರ ಮುಂದ ನೀನ ಓದಬೇಕು," ಎಂದ. ಒಂದು ಹಾಳೆಯ ಮೂಲೆ ಮಡಿಸಿದ್ದ. "ಇಲ್ಲಿಂದ."

ಗಂಡಸರ ಮುಂದೆ ಹೆಣ್ಣುಮಗಳು ಓದುವುದು ನಮ್ಮೂರಲ್ಲಿ ಆಗಿರಲಿಲ್ಲ. ಅವ್ವನಿಗೆ ಹೆದರಿಕೆ. ಅಣ್ಣ ಅವಳಿಗೆ ಧೈರ್ಯ ಹೇಳಿದ. ನಾನು ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಹಬ್ಬಕ್ಕೆ ಉಟ್ಟ ಸೀರೆಯನ್ನೇ ಉಟ್ಟೆ.

ನಾಲ್ಕೈದು ಮಂದಿ ಬಂದಿದ್ದರು. ಎಲ್ಲರಿಗಿಂತ ಹಿರಿಯ ಮುದುಕ, ದೊಡ್ಡವ್ವನ ಕರಾರಿಗೆ ಸಾಕ್ಷಿಯಾಗಿ ಗವಾಹಿ ಹಾಕಿದವನು, ನಡುವೆ ಕೂತಿದ್ದ. ದೊಡ್ಡವ್ವನನ್ನೂ ಕರೆಸಿದ್ದರು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಸೆರಗು ಹೊದ್ದು ಕೂತಿದ್ದಳು. ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ಅವಳೂ ನಾನೂ ಕೂಡಿ ಮಾಡಿದ ಕೆಲಸ ತಾನೇ.

"ಈ ವರ್ಷ ನಮ್ಮ ತೊಗರಿ ಹಾಳಾದದ್ದು ನಿಮಗೆಲ್ಲಾ ಗೊತ್ತೈತಿ," ಎಂದು ಅಣ್ಣ ಶುರು ಮಾಡಿದ. "ಯಾಕ ಹಾಳಾತು ಅಂತ ನನ್ನ ತಂಗಿ ನಾಕು ತಿಂಗಳು ಕಣ್ಣಿಟ್ಟು ನೋಡಿ ಬರದಾಳ. ಓದವ್ವಾ."

ನಾನು ಮಡಿಸಿದ ಹಾಳೆ ತೆರೆದು ಓದಿದೆ. "ದೊಡ್ಡವ್ವನ ಹೊಲದ ಅವರೆಬಳ್ಳಿಯಲ್ಲಿ ಇವತ್ತು ಹದಿನಾಲ್ಕು ಹುಳ ಸಿಕ್ಕವು. ಹೂವಿನಲ್ಲಿ ತತ್ತಿಗಳಿವೆ. ತೊಗರಿಯಲ್ಲಿ ಕಂಡ ಹುಳವೂ ಇದೂ ಒಂದೇ. ತೊಗರಿ ಕೊಯ್ದ ಮೇಲೂ ಈ ಬಳ್ಳಿ ಹಸಿರಾಗಿರುವುದರಿಂದ ಗರಿಹುಳಕ್ಕೆ ಇಲ್ಲಿ ಮನೆ ಸಿಕ್ಕಿದೆ."

ಹಾಳೆ ಅಲ್ಲಿಗೆ ಮುಗಿದಿತ್ತು. ಮಾತು ಮುಗಿದಿರಲಿಲ್ಲ. ನಾನು ಹಾಳೆ ತಿರುವಲು ಬೆರಳು ಹಾಕಿದೆ.

"ಸಾಕು," ಎಂದ ಅಣ್ಣ. ಕೈ ಚಾಚಿ ನೋಟುಬುಕ್ಕು ತೆಗೆದುಕೊಂಡ.

ಹಾಳೆಯ ಹಿಂಬದಿಯಲ್ಲಿ ನಾನು ಬರೆದದ್ದು ಇದು: ಹುಳ ಅವರೆಗೆ ಬಂದದ್ದು ನಮ್ಮ ತೊಗರಿಯಿಂದ, ಎಳ್ಳಮಾಸಿಯ ತನಕ ಹುಡುಕಿದರೂ ಅವರೆಯಲ್ಲಿ ಒಂದೂ ಸಿಕ್ಕಿರಲಿಲ್ಲ, ನಮ್ಮ ಬದುವಿನ ತೊಗರಿಯಲ್ಲೂ ನಮ್ಮ ಹುರಳಿಯಲ್ಲೂ ಈಗ ಇದಕ್ಕಿಂತ ಹೆಚ್ಚಿವೆ.

ಅಣ್ಣ ಜೇಬಿನಿಂದ ಹಳೆಯ ಕರಾರನ್ನು ತೆಗೆದು ಓದಿದ. ಉರ್ದುವಿನಲ್ಲಿ ಓದಿ, ಕನ್ನಡದಲ್ಲಿ ಹೇಳಿದ. ಆ ಹೊಲದಿಂದ ಅಕ್ಕಪಕ್ಕದ ಪಾಲಿಗೆ ಹಾನಿಯಾದರೆ ಹೊಲ ಮನೆತನಕ್ಕೆ ವಾಪಸು ಬರಬೇಕು, ಆಗ ಅವಳ ಅನ್ನ ಬಟ್ಟೆ ಮನೆತನದವರೇ ನೋಡಿಕೊಳ್ಳಬೇಕು ಎಂದು ಅದರಲ್ಲಿ ಇತ್ತಂತೆ. "ದೊಡ್ಡವ್ವ ನಮ್ಮ ಮನ್ಯಾಗ ಬಂದಿರಲಿ. ನಮ್ಮವ್ವನಂಗ ನೋಡಿಕೋತೀವಿ. ಹೊಲ ಅಷ್ಟ ಬಿಡಲಿ," ಎಂದ.

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ದೊಡ್ಡವ್ವ ಚೌಕಟ್ಟು ಹಿಡಿದು ಎದ್ದು ನಿಂತಳು. ಅವಳು ಅಣ್ಣನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಮಗಳಾ, ಇಷ್ಟ ಏನು ನೀ ಬರದಿದ್ದು?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅಣ್ಣ, "ಆಕಿ ಓದಿದ್ದು ಮುಗೀತು ದೊಡ್ಡವ್ವಾ. ತಂಗೀ, ನೀ ಒಳಗ ನಡಿ," ಎಂದ. ಮಾತು ಮೆತ್ತಗೇ ಇತ್ತು, ದಿನಾ ಮಾತಾಡುವ ಹಾಗೆಯೇ.

ನಾನು ಒಳಗೆ ನಡೆದೆ.

ಅಡುಗೆಮನೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಹೊರಗಿನ ಮಾತೆಲ್ಲ ಕೇಳುತ್ತಿತ್ತು. ಹಿರಿಯ ಮುದುಕ, "ಮನಿಮಗಳ ಬರದಾಳಂದ್ರ ಇನ್ನ ಬ್ಯಾರೆ ಗವಾಹಿ ಯಾಕ ಬೇಕು," ಎಂದ. ಹೊಸ ಕಾಗದದ ಮೇಲೆ ದೊಡ್ಡವ್ವನ ಹೆಬ್ಬೆಟ್ಟು ಒತ್ತಿಸಿದರು. ಎಲ್ಲರೂ ಎದ್ದು ಹೋದ ಮೇಲೆ ನಾನು ಅಣ್ಣನನ್ನು ಕೇಳಿದೆ.

"ಹಾಳಿ ಹಿಂದಿಂದು ಯಾಕ ಓದಗೊಡಲಿಲ್ಲಣ್ಣಾ?"

"ಹಿಂದೇನೈತಿ? ನಂಗ ಕನ್ನಡ ಎಲ್ಲಿ ಬರ್ತೈತಿ ತಂಗೀ," ಎಂದ. ತಲೆಯ ಮೇಲೆ ಕೈ ಇಟ್ಟ. "ಇದ್ರೂ ಇರಲಿ ಬಿಡು. ದೊಡ್ಡವ್ವಗ ವಯಸ್ಸಾಗೈತಿ. ಒಬ್ಬಾಕಿ ಹೊಲದಾಗ ಎಷ್ಟು ದಿನ ಇರ್ತಾಳ? ನಮ್ಮ ಜೋಡಿ ಇರಲಿ ಅಂತ ಮಾಡೀನಿ."

ನಾನು ನಂಬಿದೆ. ನಂಬಬೇಕೆಂದು ನಂಬಿದೆ ಎನ್ನುವುದು ಸರಿ. ದೊಡ್ಡವ್ವ ನಮ್ಮ ಮನೆಗೆ ಬರುತ್ತಾಳೆ, ಆಗ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ. ಆದರೆ ಅವಳು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಪಾತ್ರೆ ಗಂಟು ಕಟ್ಟಿಕೊಂಡು, ಗುರುಗುಂಟಾದಲ್ಲಿದ್ದ ತಮ್ಮನ ಮನೆಗೆ ಹೊರಟುಹೋದಳು. ನಾನು ಹೊಲಕ್ಕೆ ಹೋದಾಗ ಗುಡಿಸಲ ಬಾಗಿಲು ತೆರೆದೇ ಇತ್ತು, ಒಲೆಯ ಬೂದಿಯನ್ನು ತೆಗೆದು ಸಾರಿಸಿದ್ದಳು. ಆ ಮಧ್ಯಾಹ್ನವೇ ಅಣ್ಣ ಆಳುಗಳನ್ನು ಕರೆದುಕೊಂಡು ಬಂದು ಅವರೆಬಳ್ಳಿಗಳನ್ನೆಲ್ಲ ಬೇರು ಸಮೇತ ಕೀಳಿಸಿದ. ಕಾಯಿ ಇನ್ನೂ ಎಷ್ಟೋ ಇದ್ದವು. ದನಗಳಿಗೆ ಹಾಕಿದರು.

ಬೇಸಗೆಯಲ್ಲಿ ಒಂದು ದಿನ ಸರಕಾರದವರು ಬಂದು ಆ ಪಟ್ಟಿ ಹೊಲದ ಅಂಚಿನ ಉದ್ದಕ್ಕೂ ಗುರುತಿನ ಕಲ್ಲು ನೆಟ್ಟರು. ತುಂಗಭದ್ರೆಯ ಕಾಲುವೆಯ ಮಾತು ಸಿಂಧನೂರಿನ ಕಡೆ ಆಗಲೇ ಜೋರಾಗಿತ್ತು. ಕಾಲುವೆಯ ದಂಡೆಗೆ ಹೊಂದಿದ ಹೊಲವಿದ್ದವನೇ ಪುಣ್ಯವಂತ ಎಂದು ಜನ ಆಡಿಕೊಳ್ಳುತ್ತಿದ್ದರು. ಕಾಲುವೆ ಎಲ್ಲಿ ಹಾಯುತ್ತದೆ ಎಂಬ ಸುದ್ದಿ ಲಿಂಗಸುಗೂರಿನಲ್ಲಿ ವಕೀಲರ ಬಳಿ ಕೂತವನಿಗೆ ಊರಿಗಿಂತ ಮೊದಲೇ ಗೊತ್ತಾಗಿರಬೇಕು. ನಾನು ಆ ಕಲ್ಲುಗಳನ್ನು ನೋಡಿದೆ, ಮನಸ್ಸಿಗೆ ಹೊಳೆದದ್ದನ್ನು ತಳ್ಳಿಹಾಕಿದೆ. ಅಣ್ಣ ಕೆಲಸ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಊರಿಗೇ ಬಂದು ನೆಲೆಸಿದ.

ಆ ವರ್ಷವೂ ತೊಗರಿ ಹೂ ಬಿಟ್ಟಿತು. ಅಕ್ಕಪಕ್ಕದಲ್ಲಿ ಎಲ್ಲೂ ಅವರೆ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ನಾನು ಹೊಲಕ್ಕೆ ಹೋಗಿ ಕಾಯಿ ಬಾಗಿಸಿ ನೋಡಿದೆ. ಸಣ್ಣ ತೂತು, ಹೊರಗೆ ಬಾಲ. ಹಿಂದಿನ ವರ್ಷಕ್ಕಿಂತ ಕಡಿಮೆಯೇನೂ ಇರಲಿಲ್ಲ. ಒಂದು ಟೊಂಗೆ ಮುರಿದು ಮನೆಗೆ ತಂದೆ. ಅಣ್ಣ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ.

"ಅಣ್ಣಾ, ಅವರಿ ಇಲ್ಲ. ಹುಳ ಐತಿ."

ಅವನು ಟೊಂಗೆಯನ್ನು ನೋಡಿದ, ನನ್ನನ್ನು ನೋಡಿದ. "ಹೂಂ," ಎಂದ.

"ದೊಡ್ಡವ್ವನ ಬಳ್ಳಿಯಿಂದ ಬಂದಿದ್ದಲ್ಲ ಇದು. ನಾ ಹಾಳಿ ಹಿಂದ ಬರದಿದ್ದೆ."

"ನಂಗ ಗೊತ್ತಿತ್ತು."

ಅವನು ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ನಾನು ಟೊಂಗೆಯನ್ನು ಅವನ ಮುಂದೆ ಇಟ್ಟೆ.

"ಲಿಂಗಸುಗೂರಾಗ ನನ್ನ ಜೋಡಿ ಬರಿಯಾವ ಒಬ್ಬಾಂವ ಕನ್ನಡ ಬಲ್ಲಾಂವ ಇದ್ದ. ಎಲ್ಲಾ ಓದಿಸಿ ಕೇಳೀನಿ. ಭಾಳ ಚಲೋ ಬರದಿದ್ದಿ," ಎಂದ. ಸುಣ್ಣ ಹಚ್ಚಿದ ಎಲೆಯನ್ನು ಮಡಿಸಿ ಬಾಯಿಗಿಟ್ಟ. "ಸಾಹೇಬರಿಗೆ ತೋರಿಸಬೇಕಂದಿದ್ದೆ. ಆಮ್ಯಾಲ ಅದರ ಕೆಲಸ ಬೀಳಲಿಲ್ಲ."

ಅಂದರೆ ಆ ಹಾಳೆಯ ಮೂಲೆಯನ್ನು ಅವನು ಎಣಿಸಿಯೇ ಮಡಿಸಿದ್ದ. ಎಲ್ಲಿ ಶುರು, ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ನೋಡಿಟ್ಟಿದ್ದ. ಸಾಹೇಬರು ಮೆಚ್ಚಿದರು ಎಂದದ್ದೂ ಸುಳ್ಳು. ಕನ್ನಡ ಬಲ್ಲ ಇನ್ನಾರ ಕೈಲಾದರೂ ಓದಿಸಬಹುದಿತ್ತು. ನನ್ನ ಬಾಯಲ್ಲೇ ಓದಿಸಿದ, ಏಕೆಂದರೆ ದೊಡ್ಡವ್ವನ ವಿರುದ್ಧ ನಾನು ಸುಳ್ಳು ಹೇಳಲಾರೆ ಎಂದು ಊರಿಗೇ ಗೊತ್ತಿತ್ತು. ನಾನು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಆ ನೋಟುಬುಕ್ಕನ್ನು ತಂದುಕೊಟ್ಟ ದಿನವೇ ಇದೆಲ್ಲ ಅವನ ತಲೆಯಲ್ಲಿತ್ತೋ, ಆಮೇಲೆ ಹೊಳೆಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. "ಯಾರ ಹೊಲದಾಗ" ಎಂದು ಅವನು ಅವತ್ತೇ ಹೇಳಿದ್ದನಲ್ಲ.

"ನೋಟುಬುಕ್ಕು ಕೊಡು," ಎಂದೆ.

"ಕಾಗದಪತ್ರದ ಜೋಡಿ ವಕೀಲರ ಹತ್ರ ಐತಿ. ಇನ್ನ ನಿನಗ ಯಾಕ ಅದು? ವೈಶಾಖದಾಗ ನಿನ್ನ ಲಗ್ನ," ಎಂದ.

1954ರಲ್ಲಿ ನನ್ನನ್ನು ಲಿಂಗಸುಗೂರಿನ ಒಂದು ಬಟ್ಟೆ ಅಂಗಡಿಯ ಮನೆಗೆ ಕೊಟ್ಟರು. ಅಣ್ಣ ಓಡಾಡಿ ಚೆನ್ನಾಗಿಯೇ ಮಾಡಿಕೊಟ್ಟ. ಬಂಡಿ ಹತ್ತುವಾಗ ಅವನು ಅತ್ತದ್ದು ನಾಟಕ ಎಂದು ನಾನು ಹೇಳಲಾರೆ. ಅದೇ ನನಗೆ ಇನ್ನೂ ಕಷ್ಟವಾದದ್ದು. ಅವನು ನನ್ನನ್ನು ಕಂಡರೆ ಆಗದವನಾಗಿದ್ದರೆ ಮರೆತುಬಿಡುತ್ತಿದ್ದೆನೇನೋ.

ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಮದುವೆಯಾದ ಮರುವರ್ಷ ಒಂದು ದಿನ ಅವರಿಗೆ ಎಲ್ಲ ಹೇಳಿದೆ. ಕೇಳಿ, "ಗುರುಗುಂಟಾ ಇಲ್ಲೇ ಐತೆಲ್ಲಾ. ಹೋಗಿ ಬರೂಣು," ಎಂದರು. ಮಾರನೆಯ ದಿನವೇ ಬಂಡಿ ಕಟ್ಟಿಸಿದರು.

ದೊಡ್ಡವ್ವನ ತಮ್ಮನ ಮನೆಯಲ್ಲಿ ಕುರಿಗಳಿದ್ದವು. ಅವಳು ಅಂಗಳದಲ್ಲಿ ಕೂತು ಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ತುಂಬ ಇಳಿದುಹೋಗಿದ್ದಳು. ನಾನು ಕಾಲಿಗೆ ಬಿದ್ದೆ. ಅವಳು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ, ಏಳು ಎಂದೂ ಅನ್ನಲಿಲ್ಲ.

"ದೊಡ್ಡವ್ವಾ, ಅಣ್ಣ ನನಗ ಮೋಸ ಮಾಡಿದ್ನಬೇ. ಹಾಳಿ ಹಿಂದ ನಾ ಖರೇದು ಬರದಿದ್ದೆ. ನಮ್ಮ ತೊಗರಿಯಿಂದ ನಿನ್ನ ಅವರೀಗೆ ಬಂತು ಅಂತ ಬರದಿದ್ದೆ. ಆಂವ ಓದಗೊಡಲಿಲ್ಲ."

"ನೀ ಬರದಿದ್ದಿ ಅಂತ ನನಗ ಗೊತ್ತಿಲ್ಲೇನು? ಜೋಡಿ ನಿಂತು ಎಣಿಸಿದಾಕಿ ನಾ," ಎಂದಳು. ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. "ಅದಕ್ಕ ನಿನ್ನ ಕೇಳಿದೆ ಅವತ್ತು. ಇಷ್ಟ ಏನು ನೀ ಬರದಿದ್ದು ಅಂತ ಎಲ್ಲಾರ ಮುಂದ ಕೇಳಿದೆ. ಇಲ್ಲ, ಇನ್ನೂ ಐತಿ ಅಂತ ಒಂದು ಮಾತು ಅಂದಿದ್ರ ಸಾಕಿತ್ತು. ಆಂವ ಒಳಗ ನಡಿ ಅಂದ. ನೀ ನಡದಿ."

ಹದಿನಾರು ವರ್ಷದವಳು, ಗಂಡಸರ ಸಭೆ, ಅಣ್ಣನ ಮಾತು ಎಂದು ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಅಲ್ಲಿ ಕೆಲಸಕ್ಕೆ ಬರಲಿಲ್ಲ. ನನಗೆ ಮೋಸವಾಯಿತು ಎಂದು ಅಳಲು ಹೋಗಿದ್ದೆ. ಅವಳ ಲೆಕ್ಕದಲ್ಲಿ ನಾನೂ ಮೋಸ ಮಾಡಿದವಳೇ. ಆ ದಿನ ಅವಳು ನಮಗೆ ನೀರು ಕೊಟ್ಟಳು. ಉಣ್ಣಿರಿ ಅನ್ನಲಿಲ್ಲ.

1956ರ ಬೇಸಗೆಯಲ್ಲಿ ಅಣ್ಣನ ಮಗುವಿಗೆ ಲಿಂಗಧಾರಣೆ ಮಾಡಿದರು. ನಾವೂ ಹೋಗಿದ್ದೆವು. ಊಟವಾದ ಮೇಲೆ ಹಿರಿಯರು ಅದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಗವಾಹಿ ಹಾಕಿದ ಮುದುಕನೂ ಇದ್ದ. ಅಣ್ಣ ಎಲ್ಲರಿಗೂ ಕೈ ಮುಗಿದು ಓಡಾಡುತ್ತಿದ್ದ. ನಾನು ಬಾಗಿಲು ದಾಟಿ ಹೊರಗೆ ಬಂದು ನಿಂತೆ.

"ಹಿರಿಯಪ್ಪಾರ, ಮೂರು ವರ್ಷದ ಹಿಂದ ನಾ ಇಲ್ಲಿ ಅರ್ಧ ಓದಿದ್ದೆ. ಇನ್ನ ಅರ್ಧ ಉಳದೈತ್ರೀ," ಎಂದೆ.

ಅಣ್ಣ, "ತಂಗೀ, ಇವತ್ತ ಬ್ಯಾಡ," ಎಂದ.

ನೋಟುಬುಕ್ಕು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಂದೊಂದು ಮಾತೂ ಬಾಯಿಗೆ ಬರುತ್ತಿತ್ತು. ಹುಳ ಮೊದಲು ಯಾವ ಹೊಲದಲ್ಲಿ ಕಂಡಿತು, ಅವರೆಗೆ ಯಾವಾಗ ಬಂತು, ನಮ್ಮ ಬದುವಿನಲ್ಲಿ ಎಷ್ಟಿತ್ತು, ಎಲ್ಲ ಹೇಳಿದೆ. ಬಳ್ಳಿ ಕಿತ್ತ ಮರುವರ್ಷವೂ ತೊಗರಿ ಹಾಳಾದದ್ದನ್ನು ಹೇಳಿದೆ. ಅಣ್ಣ ಮೊದಲೇ ಎಲ್ಲ ಓದಿಸಿ ಕೇಳಿದ್ದ ಎನ್ನುವುದನ್ನೂ ಹೇಳಿದೆ. ಒಳಗಿನಿಂದ ಅವ್ವ ಅಳುವುದು ಕೇಳಿಸುತ್ತಿತ್ತು.

ಕೊನೆಗೆ ಮುದುಕ ಕೆಮ್ಮಿ, "ಖರೆ ಇರಬೇಕವ್ವಾ ನೀ ಹೇಳೂದು. ಆದ್ರ ಈಗ ಏನು ಮಾಡೂದು? ಹೆಬ್ಬೆಟ್ಟು ಒತ್ತ್ಯಾಳ. ಅಲ್ಲಿ ಕಾಲುವಿ ಅಗದಾರ," ಎಂದ. ಮತ್ತೊಬ್ಬರು ಮಗುವಿನ ಮಾತು ತೆಗೆದರು. ಹೊಲ ಅಣ್ಣನ ಕೈಯಲ್ಲೇ ಉಳಿಯಿತು. ನಾನು ಹೇಳಿದ್ದರಿಂದ ಆದದ್ದು ಇಷ್ಟೇ: ಊರಿಗೆ ನಿಜ ಗೊತ್ತಾಯಿತು, ಊರು ಸುಮ್ಮನಿತ್ತು.

ನಾವು ಹೊರಡುವಾಗ ಅಣ್ಣ ಬಂಡಿಯ ತನಕ ಬಂದ. "ನಿನ್ನ ಸಾಕಿದ್ದಕ್ಕ ಚಲೋ ಮರ್ಯಾದಿ ಕೊಟ್ಟಿ," ಎಂದ. ಕಣ್ಣಲ್ಲಿ ನೀರಿತ್ತು. ತನಗೇ ಮೋಸವಾಯಿತು ಎನ್ನುವ ಹಾಗೆ ನನ್ನನ್ನು ನೋಡುತ್ತಿದ್ದ. ನಾನು ಬಂಡಿ ಹತ್ತಿದೆ.

ನಮ್ಮ ಕಡೆ ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದುಕೊಂಡು ಹೋಗುತ್ತಾನೆ. ಆ ವರ್ಷ ಲಿಂಗಸುಗೂರಿನ ನಮ್ಮ ಓಣಿಯಲ್ಲಿ ದಿನಕ್ಕೆ ಒಂದೊಂದು ಮನೆಯ ಮುಂದೆ ಬಂಡಿ ನಿಲ್ಲುತ್ತಿತ್ತು. ನನ್ನ ಜೊತೆಯ ಸೊಸೆಯರೆಲ್ಲ ಗಂಟು ಕಟ್ಟಿಕೊಂಡು ಹೋದರು. ನಾನು ಹಬ್ಬದ ಹಿಂದಿನ ದಿನದ ತನಕ ಕಾದೆ. ಬರುವುದಿಲ್ಲ ಎಂದು ಗೊತ್ತಿದ್ದೂ ಕಾದೆ. ಆಮೇಲೆ ಯಜಮಾನರಿಗೆ ಹೇಳಿ, ಜೋಳ ಹುರಿದ ಅಳ್ಳು, ಎರಡು ಬಗೆಯ ಉಂಡೆ ಕಟ್ಟಿಕೊಂಡು ಗುರುಗುಂಟಾಕ್ಕೆ ಹೋದೆ.

ನಾನು ಕಟ್ಟೆಯ ಮೇಲೆ ನಿಂತು ಹೇಳಿದ ಸುದ್ದಿ ದೊಡ್ಡವ್ವನಿಗೆ ಆಗಲೇ ಮುಟ್ಟಿತ್ತು. ಅದರ ಬಗ್ಗೆ ಅವಳು ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಒಳಗೆ ಕರೆದು ಎಡೆ ಹಾಕಿದಳು. ಎದುರಿಗೆ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದಳು. ಎರಡನೆಯ ಸಲ ಬಡಿಸುತ್ತ ಕೇಳಿದಳು.

"ನನ್ನ ಕೈಯಾಗಿಂದ ಆಂವ ಕಸಗೊಂಡಿದ್ದು ಮಣ್ಣು. ಮುದುಕಿ ನಾ, ಇನ್ನೆಷ್ಟು ದಿನ ಬೇಕಿತ್ತು ನನಗ ಅದು? ನಿನಗ ಮಾಡಿದ್ದನ್ನ ನೀ ಹ್ಯಾಂಗ ತಡಕೊಂಡಿ ಮಗಳಾ?"

ನಾನು ಕೈಯಲ್ಲಿದ್ದ ತುತ್ತನ್ನು ಎಡೆಯಲ್ಲೇ ಇಟ್ಟೆ. ಅವಳು ನೀರಿನ ತಂಬಿಗೆಯನ್ನು ನನ್ನ ಕಡೆ ಸರಿಸಿದಳು.